ಕಂಪ್ಯೂಟರಿನ ಬೀಗದ ಕೈ ಸಂಸ್ಥೆಯದಾಗಿರಲಿ

ಒಂದು ತಲೆಮಾರಿನ ಹಿಂದೆ ನಮ್ಮ ವರ್ತಕರ ಲೆಕ್ಕಪತ್ರಗಳೆಲ್ಲವೂ ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿರುತ್ತಿದ್ದವು. ಅವುಗಳನ್ನಿಡುವ ತಿಜೋರಿಗೆ ಎರಡು ಬೀಗದ ಕೈಗಳು. ಒಂದು ಯಜಮಾನರ ಬಳಿ, ಇನ್ನೊಂದು ಮನೆಯಲ್ಲಿ ಅಥವಾ ಬ್ಯಾಂಕಿನ ಲಾಕರಿನಲ್ಲಿ. ಗುಮಾಸ್ತರು ಕೆಲಸ ಬಿಟ್ಟು ಹೋದರೂ ಪುಸ್ತಕ ಅಂಗಡಿಯಲ್ಲೇ ಉಳಿಯುತ್ತಿತ್ತು. ಹೊಸದಾಗಿ ಬಂದವರು ಮರುದಿನದ ಪುಟವನ್ನು ತೆರೆದು ಬರೆಯಲಾರಂಭಿಸುತ್ತಿದ್ದರು.

ಇಂದು ಲೆಕ್ಕಪತ್ರ, ದಾಸ್ತಾನು, ಬಿಲ್ಲು, ತೆರಿಗೆ, ಬ್ಯಾಂಕು ಎಲ್ಲವೂ ಕಂಪ್ಯೂಟರಿನಲ್ಲಿವೆ. ಅವುಗಳ ಬೀಗದ ಕೈ ಪಾಸ್‌ವರ್ಡ್ ಎಂಬ ಕೆಲವೇ ಅಕ್ಷರಗಳ ರೂಪದಲ್ಲಿದೆ. ಎಷ್ಟೋ ಸಣ್ಣ ಉದ್ದಿಮೆಗಳಲ್ಲಿ ಆ ಅಕ್ಷರಗಳು ಒಬ್ಬ ಲೆಕ್ಕಿಗರ ನೆನಪಿನಲ್ಲಿ ಮಾತ್ರ ಇರುತ್ತವೆ. ಅವರು ಮರೆತರೆ, ಕಾಯಿಲೆ ಬಿದ್ದರೆ ಅಥವಾ ಕೆಲಸ ಬಿಟ್ಟರೆ ಯಜಮಾನರೇ ತಮ್ಮ ಅಂಗಡಿಯ ಹೊರಗೆ ನಿಂತಂತಾಗುತ್ತದೆ. ಆದುದರಿಂದ ಪಾಸ್‌ವರ್ಡ್ ಎಂಬುದು ವ್ಯಕ್ತಿಯೊಬ್ಬರ ಗುಟ್ಟಲ್ಲ, ಸಂಸ್ಥೆಯ ಆಸ್ತಿ. ಇತರ ಆಸ್ತಿಗಳಂತೆಯೇ ಅದಕ್ಕೂ ವಹಿ, ಉಸ್ತುವಾರಿ ಮತ್ತು ತಪಾಸಣೆ ಬೇಕು. ಮರೆತ ನಂತರ ಮಾಡಬೇಕಾದ ಕ್ರಮಗಳನ್ನೂ, ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮರೆವಿನ ಬೆಲೆ ಎಷ್ಟು?

ಒಂದು ಉದಾಹರಣೆಯನ್ನು ಪರಿಗಣಿಸೋಣ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಒಂದು ಸಣ್ಣ ಕಾರ್ಖಾನೆಯ ಲೆಕ್ಕಿಗರು ತಿಂಗಳ 8ರಂದು ಕೆಲಸ ಬಿಡುತ್ತಾರೆ. ಜಿಎಸ್‌ಟಿಆರ್-1 ಸಲ್ಲಿಸಲು 11 ಕೊನೆಯ ದಿನ, ಜಿಎಸ್‌ಟಿಆರ್-3ಬಿಗೆ 20. ಪೋರ್ಟಲಿನ ಪಾಸ್‌ವರ್ಡ್ ಯಾರಿಗೂ ತಿಳಿಯದು. ನೋಂದಾಯಿತ ಮೊಬೈಲ್ ಸಂಖ್ಯೆಯೂ ಕೆಲಸ ಬಿಟ್ಟವರದೇ. ನಗದಾಗಿ ಕಟ್ಟಬೇಕಾದ ತೆರಿಗೆ 4,00,000 ರೂಪಾಯಿ ಎಂದಿಟ್ಟುಕೊಳ್ಳೋಣ. 3ಬಿ ರಿಟರ್ನ್ 15 ದಿನ ತಡವಾದರೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ 750 ರೂಪಾಯಿ. ವಾರ್ಷಿಕ ಶೇಕಡ 18ರಂತೆ ಬಡ್ಡಿ ಸುಮಾರು 2,959 ರೂಪಾಯಿ. ಒಟ್ಟು 3,709 ರೂಪಾಯಿ.

ಈ ಮೊತ್ತ ದೊಡ್ಡದಲ್ಲವೆಂದು ತೋರಬಹುದು. ನಿಜವಾದ ನಷ್ಟವಿರುವುದು ಬೇರೆಡೆ. ನೀವು ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ ನಿಮ್ಮ ಬಿಲ್ಲು ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಅಲ್ಲಿ ಕಾಣಿಸದ ಬಿಲ್ಲಿನ ಮೇಲೆ ಅವರು ಇನ್‌ಪುಟ್ ತೆರಿಗೆ ಕ್ರೆಡಿಟ್ ಪಡೆಯುವಂತಿಲ್ಲ. ಅವರು ನಿಮ್ಮ ಹಣವನ್ನು ತಡೆಹಿಡಿಯುತ್ತಾರೆ. ಮುಂದಿನ ಆರ್ಡರನ್ನು ಬೇರೆಯವರಿಗೆ ಕೊಟ್ಟರೂ ಆಶ್ಚರ್ಯವಿಲ್ಲ. ಸತತ ಎರಡು ತಿಂಗಳ 3ಬಿ ರಿಟರ್ನ್ ಬಾಕಿಯಾದರೆ ಇ-ವೇ ಬಿಲ್ ತಯಾರಿಸುವ ಸೌಲಭ್ಯವೂ ನಿಂತು, ಸಿದ್ಧವಾದ ಸರಕು ಕಾರ್ಖಾನೆಯ ಬಾಗಿಲಲ್ಲೇ ಉಳಿಯುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಮರೆವು ಸಮರ್ಥನೆಯಾಗಲಾರದು. ಲೆಕ್ಕಪತ್ರಗಳನ್ನು ವಿದ್ಯುನ್ಮಾನ ರೂಪದಲ್ಲಿಟ್ಟಿರುವ ನೋಂದಾಯಿತ ವ್ಯಕ್ತಿಯು, ಅಧಿಕಾರಿಗಳು ಕೇಳಿದಾಗ ಕಡತಗಳ ವಿವರವನ್ನೂ ಅವುಗಳ ಪಾಸ್‌ವರ್ಡ್‌ಗಳನ್ನೂ ಒದಗಿಸತಕ್ಕದ್ದೆಂದು ಕೇಂದ್ರ ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮ ಹೇಳುತ್ತದೆ. ದಾಖಲೆಗಳ ಬ್ಯಾಕಪ್ ಇಡಬೇಕೆಂಬುದೂ ಅದೇ ನಿಯಮದಲ್ಲಿದೆ. ಕಾಯ್ದೆಯ 36ನೇ ಪ್ರಕರಣದ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಕಾಪಾಡಬೇಕು. ಕಂಪನಿಗಳಿಗಾದರೆ ಈ ಅವಧಿ ಎಂಟು ಹಣಕಾಸು ವರ್ಷ. ಆರು ವರ್ಷದ ಹಿಂದಿನ ಕಡತವು ಹಾರ್ಡ್ ಡಿಸ್ಕಿನಲ್ಲಿದ್ದೂ ತೆರೆಯಲಾಗದಿದ್ದರೆ, ಅದು ಇಲ್ಲದಂತೆಯೇ ಸರಿ.

ಎರಡು ಬಗೆಯ ಬೀಗಗಳು

ಪಾಸ್‌ವರ್ಡ್‌ಗಳಲ್ಲಿ ಎರಡು ಬಗೆಗಳಿವೆಯೆಂಬುದನ್ನು ಮೊದಲು ಅರಿಯಬೇಕು. ಮೊದಲನೆಯ ಬಗೆಯಲ್ಲಿ ಬಾಗಿಲ ಬಳಿ ಒಬ್ಬ ಕಾವಲುಗಾರನಿರುತ್ತಾನೆ. ಜಿಎಸ್‌ಟಿ ಪೋರ್ಟಲ್, ಆದಾಯ ತೆರಿಗೆ ಪೋರ್ಟಲ್, ಬ್ಯಾಂಕ್, ಇ-ಮೇಲ್ ಇವೆಲ್ಲ ಈ ಬಗೆಯವು. ನೀವೇ ಯಜಮಾನರೆಂದು ಮೊಬೈಲಿಗೆ ಬರುವ ಓಟಿಪಿ ಅಥವಾ ದಾಖಲೆಗಳ ಮೂಲಕ ರುಜುವಾತುಪಡಿಸಿದರೆ ಹೊಸ ಬೀಗದ ಕೈ ದೊರೆಯುತ್ತದೆ. ಇಲ್ಲಿ ಪಾಸ್‌ವರ್ಡ್‌ಗಿಂತ ನೋಂದಾಯಿತ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ವಿಳಾಸಗಳೇ ಮುಖ್ಯ.

ಎರಡನೆಯ ಬಗೆಯಲ್ಲಿ ಕಾವಲುಗಾರನಿಲ್ಲ. ಮಾಹಿತಿಯೇ ಗೂಢಲಿಪಿಯಾಗಿ ಮಾರ್ಪಟ್ಟಿರುತ್ತದೆ. ಟ್ಯಾಲಿ ವಾಲ್ಟ್ ಅಳವಡಿಸಿದ ಲೆಕ್ಕಪತ್ರ, ತೆರೆಯಲು ಪಾಸ್‌ವರ್ಡ್ ಕೇಳುವ ಎಕ್ಸೆಲ್ ಕಡತ, ಬಿಟ್‌ಲಾಕರ್ ಹಾಕಿದ ಹಾರ್ಡ್ ಡಿಸ್ಕ್ ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಕೈ ಕಳೆದರೆ ತಂತ್ರಾಂಶ ತಯಾರಿಸಿದ ಸಂಸ್ಥೆಯವರೂ ನೆರವಾಗಲಾರರು. ಆದ್ದರಿಂದ ಮೊದಲನೆಯ ಬಗೆಗೆ ಮರುಪಡೆಯುವ ದಾರಿಯನ್ನೂ, ಎರಡನೆಯ ಬಗೆಗೆ ಪಾಸ್‌ವರ್ಡನ್ನೇ ಬರೆದಿಟ್ಟ ಪ್ರತಿಯನ್ನೂ ಜೋಪಾನ ಮಾಡಬೇಕು.

ಮರೆತಾಗ ಏನು ಮಾಡಬೇಕು?

ಮೊದಲ ಸೂಚನೆ: ಆತುರ ಬೇಡ. ಊಹಿಸಿ ಊಹಿಸಿ ಒತ್ತುತ್ತಾ ಹೋದರೆ ಬ್ಯಾಂಕಿನ ಖಾತೆಯೂ ಡಿಜಿಟಲ್ ಸಹಿಯ ಟೋಕನ್ನೂ ಲಾಕ್ ಆಗುತ್ತವೆ. ಕ್ಯಾಪ್ಸ್ ಲಾಕ್ ಒತ್ತಿದೆಯೇ, ನಮ್ ಲಾಕ್ ಆರಿದೆಯೇ, ಕೀಲಿಮಣೆ ಇಂಗ್ಲಿಷಿನ ಬದಲು ಕನ್ನಡ ವಿನ್ಯಾಸದಲ್ಲಿದೆಯೇ ಎಂದು ನೋಡಿರಿ. ಎಷ್ಟೋ ಬಾರಿ ಸಮಸ್ಯೆ ಇಲ್ಲಿಯೇ ಮುಗಿಯುತ್ತದೆ.

ವಿಂಡೋಸ್ ಕಂಪ್ಯೂಟರ್: ಯಂತ್ರ ಕೇಳುತ್ತಿರುವುದು ಪಿನ್ ಸಂಖ್ಯೆಯೋ ಪಾಸ್‌ವರ್ಡೋ ಎಂಬುದನ್ನು ಗಮನಿಸಿರಿ, ಎರಡೂ ಬೇರೆ ಬೇರೆ. ಮೈಕ್ರೋಸಾಫ್ಟ್ ಖಾತೆಯ ಮೂಲಕ ಬಳಸುತ್ತಿದ್ದರೆ ಬೇರೊಂದು ಕಂಪ್ಯೂಟರಿನಿಂದ ಅಥವಾ ಮೊಬೈಲಿನಿಂದ ಆ ಖಾತೆಯ ಪಾಸ್‌ವರ್ಡ್ ಬದಲಿಸಬಹುದು. ಆ ಯಂತ್ರಕ್ಕಷ್ಟೇ ಸೀಮಿತವಾದ ಖಾತೆಯಾದರೆ, ಮೊದಲೇ ಕೊಟ್ಟಿರುವ ಭದ್ರತಾ ಪ್ರಶ್ನೆಗಳ ಉತ್ತರ, ಮೊದಲೇ ತಯಾರಿಸಿಟ್ಟ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಅಥವಾ ಅದೇ ಯಂತ್ರದಲ್ಲಿರುವ ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆ ನೆರವಿಗೆ ಬರುತ್ತದೆ. ಇವಾವುವೂ ಇಲ್ಲವಾದರೆ ದುರಸ್ತಿಯವರು 'ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ' ಎನ್ನುತ್ತಾರೆ. ಒಪ್ಪುವ ಮೊದಲು ಹಾರ್ಡ್ ಡಿಸ್ಕನ್ನು ಹೊರತೆಗೆದು ಬೇರೊಂದು ಯಂತ್ರಕ್ಕೆ ಜೋಡಿಸಿ ಮಾಹಿತಿಯನ್ನು ನಕಲು ಮಾಡಲು ಸಾಧ್ಯವೇ ಎಂದು ಕೇಳಿರಿ. ಬಿಟ್‌ಲಾಕರ್ ಇಲ್ಲದ ಡಿಸ್ಕಿನಿಂದ ಸಾಮಾನ್ಯವಾಗಿ ಸಾಧ್ಯ. ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಅದು ಕಂಪ್ಯೂಟರನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವ ಸಂಭವವಿದೆ. ಆ ಖಾತೆ ಸಂಸ್ಥೆಯದೋ, ಹಿಂದಿನ ನೌಕರರದೋ ಎಂಬ ಪ್ರಶ್ನೆಯ ಮಹತ್ವ ಆಗ ಅರಿವಾಗುತ್ತದೆ.

ಟ್ಯಾಲಿ: ನಮ್ಮ ಬೆಂಗಳೂರಿನದೇ ಆದ ಈ ತಂತ್ರಾಂಶದಲ್ಲಿ ಬಳಕೆದಾರರ ಪಾಸ್‌ವರ್ಡ್ ಬೇರೆ, ವಾಲ್ಟ್ ಪಾಸ್‌ವರ್ಡ್ ಬೇರೆ. ನೌಕರರೊಬ್ಬರು ತಮ್ಮ ಪಾಸ್‌ವರ್ಡ್ ಮರೆತರೆ ಅಡ್ಮಿನಿಸ್ಟ್ರೇಟರ್ ಅದನ್ನು ಬದಲಿಸಿಕೊಡಬಹುದು. ವಾಲ್ಟ್ ಪಾಸ್‌ವರ್ಡ್ ಮರೆತರೆ ಮಾತ್ರ ದಾರಿಯಿಲ್ಲ. ವಾಲ್ಟ್ ಅಳವಡಿಸಿದ ನಂತರ ತೆಗೆದ ಬ್ಯಾಕಪ್ ಕೂಡ ಅದೇ ಪಾಸ್‌ವರ್ಡನ್ನು ಕೇಳುತ್ತದೆ. ವಾಲ್ಟ್ ಅಳವಡಿಸುವ ಮೊದಲಿನ ಬ್ಯಾಕಪ್ ಇದ್ದರೆ ಅಲ್ಲಿಂದ ಮುಂದಕ್ಕೆ ಬಿಲ್ಲು, ಬ್ಯಾಂಕ್ ವಿವರ ಮತ್ತು ಸಲ್ಲಿಸಿದ ರಿಟರ್ನ್‌ಗಳ ಆಧಾರದ ಮೇಲೆ ಲೆಕ್ಕವನ್ನು ಪುನಃ ಬರೆಯಬೇಕಾಗುತ್ತದೆ.

ಜಿಎಸ್‌ಟಿ ಪೋರ್ಟಲ್: ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಮರೆತರೆ ಲಾಗಿನ್ ಪುಟದಲ್ಲಿಯೇ ವ್ಯವಸ್ಥೆಯಿದೆ, ಓಟಿಪಿಯು ಅಧಿಕೃತ ಸಹಿದಾರರ ನೋಂದಾಯಿತ ಮೊಬೈಲಿಗೂ ಇ-ಮೇಲಿಗೂ ಹೋಗುತ್ತದೆ. ಅವು ನಿಮ್ಮ ಕೈಯಲ್ಲಿಲ್ಲದಿದ್ದರೆ ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಾಣಬೇಕು. ನೋಂದಣಿ ಮಾಡಿಸಿಕೊಟ್ಟ ಮಧ್ಯವರ್ತಿಗಳು ತಮ್ಮದೇ ಮೊಬೈಲ್ ಮತ್ತು ಇ-ಮೇಲ್ ನಮೂದಿಸಿ, ಅನಂತರ ವಿವರ ಕೊಡುತ್ತಿಲ್ಲವೆಂಬ ದೂರುಗಳು ಬಂದ ಕಾರಣ ಹಣಕಾಸು ಸಚಿವಾಲಯವು 2018ರಲ್ಲಿ ಈ ವಿಧಾನವನ್ನು ಪ್ರಕಟಿಸಿತು. ವ್ಯವಹಾರದೊಂದಿಗೆ ನಿಮಗಿರುವ ಸಂಬಂಧವನ್ನು ತೋರಿಸುವ ದಾಖಲೆಗಳನ್ನು ಹಾಜರುಪಡಿಸಿದರೆ, ಅಧಿಕಾರಿಗಳು ಪರಿಶೀಲಿಸಿ ಹೊಸ ಮೊಬೈಲ್ ಮತ್ತು ಇ-ಮೇಲ್ ನಮೂದಿಸುತ್ತಾರೆ. ಬಳಕೆದಾರರ ಹೆಸರು ಮತ್ತು ತಾತ್ಕಾಲಿಕ ಪಾಸ್‌ವರ್ಡ್ ಹೊಸ ಇ-ಮೇಲಿಗೆ ಬರುತ್ತವೆ. ಅದನ್ನು ಕೂಡಲೇ ಬದಲಿಸಿಕೊಳ್ಳಬೇಕು.

ಈ ನಡುವೆ 20ನೇ ತಾರೀಖು ಸಮೀಪಿಸಿದರೆ ಒಂದು ಉಪಾಯವುಂಟು. ಲಾಗಿನ್ ಆಗದೆಯೇ, ಜಿಎಸ್‌ಟಿ ನೋಂದಣಿ ಸಂಖ್ಯೆಯನ್ನು ನಮೂದಿಸಿ ಪೋರ್ಟಲಿನಲ್ಲಿ ಚಲನ್ ತಯಾರಿಸಬಹುದು. ಅಂದಾಜು ತೆರಿಗೆಯನ್ನು ಕೊನೆಯ ದಿನದೊಳಗೆ ಬ್ಯಾಂಕಿನ ಮೂಲಕ ಕಟ್ಟಿದರೆ ಹಣ ನಿಮ್ಮ ವಿದ್ಯುನ್ಮಾನ ನಗದು ಖಾತೆಗೆ ಜಮೆಯಾಗುತ್ತದೆ. 2024ರ ಜುಲೈನಲ್ಲಿ 88ಬಿ ನಿಯಮಕ್ಕೆ ಆದ ತಿದ್ದುಪಡಿಯಂತೆ, ಕೊನೆಯ ದಿನದಿಂದ ರಿಟರ್ನ್ ಸಲ್ಲಿಸುವವರೆಗೆ ಆ ಖಾತೆಯಲ್ಲಿಯೇ ಉಳಿದಿರುವ ಹಣದ ಮಟ್ಟಿಗೆ ಬಡ್ಡಿ ಬೀಳುವುದಿಲ್ಲ. ವಿಳಂಬ ಶುಲ್ಕ ತಪ್ಪದು. ಆದರೆ ಮೇಲಿನ ಉದಾಹರಣೆಯಲ್ಲಿ ತೆರಿಗೆ ಪೂರ್ತಿಯಾಗಿ ಜಮೆಯಾಗಿದ್ದರೆ 2,959 ರೂಪಾಯಿ ಉಳಿಯುತ್ತದೆ.

ಆದಾಯ ತೆರಿಗೆ ಪೋರ್ಟಲ್: ಇಲ್ಲಿ ಹಲವು ದಾರಿಗಳಿವೆ. ನೋಂದಾಯಿತ ಮೊಬೈಲಿನ ಓಟಿಪಿ, ಆಧಾರ್ ಓಟಿಪಿ, ಡಿಜಿಟಲ್ ಸಹಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಪ್ರವೇಶ ಪಡೆಯಬಹುದು.

ಡಿಜಿಟಲ್ ಸಹಿ: ಯುಎಸ್‌ಬಿ ಟೋಕನ್ನಿನ ಪಾಸ್‌ವರ್ಡನ್ನು ಹಲವು ಬಾರಿ ತಪ್ಪಾಗಿ ಒತ್ತಿದರೆ ಅದು ಲಾಕ್ ಆಗುತ್ತದೆ. ಟೋಕನ್ನನ್ನು ಮರುಬಳಕೆಗೆ ಸಿದ್ಧಗೊಳಿಸಿದರೆ ಒಳಗಿನ ಸಹಿ ಅಳಿಸಿಹೋಗುವುದರಿಂದ ಸಾಮಾನ್ಯವಾಗಿ ಹೊಸ ಸಹಿಯನ್ನೇ ಪಡೆಯಬೇಕಾಗುತ್ತದೆ. ಕಂಪನಿ ಕಾಯ್ದೆಯಡಿ ನಮೂನೆ ಸಲ್ಲಿಸುವ ಕೊನೆಯ ದಿನ ಈ ಪ್ರಸಂಗ ಬಾರದಿರಲಿ.

ಕೊನೆಯದಾಗಿ ಒಂದು ಎಚ್ಚರಿಕೆ. ಅಂತರಜಾಲದಲ್ಲಿ ಹುಡುಕಿ ಸಿಕ್ಕ ಯಾವುದೋ 'ಗ್ರಾಹಕ ಸೇವಾ' ಸಂಖ್ಯೆಗೆ ಕರೆ ಮಾಡಬೇಡಿರಿ. ಅವರು ಹೇಳಿದರೆಂದು ಪರದೆ ಹಂಚಿಕೊಳ್ಳುವ ತಂತ್ರಾಂಶವನ್ನು ಅಳವಡಿಸಬೇಡಿರಿ. ಬೀಗ ಒಡೆಯುವ ಉಚಿತ ತಂತ್ರಾಂಶಗಳಿಂದಲೂ ದೂರವಿರಿ. ಕಷ್ಟದಲ್ಲಿರುವವರನ್ನೇ ಕಾದು ಕುಳಿತ ವಂಚಕರಿದ್ದಾರೆ. ಹಣ ಹೋದುದು ತಿಳಿದ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿರಿ.

ಒಬ್ಬರ ಕೈಯಲ್ಲಿ ಎಲ್ಲ ಕೈಗಳು

ಇದು ಸಣ್ಣ ಸಂಸ್ಥೆಗಳ ಸಮಸ್ಯೆ ಮಾತ್ರವೆಂದು ಭಾವಿಸಬೇಕಿಲ್ಲ. 2008ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತದ ಕಂಪ್ಯೂಟರ್ ಜಾಲದ ಪಾಸ್‌ವರ್ಡ್‌ಗಳು ಟೆರಿ ಚೈಲ್ಡ್ಸ್ ಎಂಬ ಒಬ್ಬ ಎಂಜಿನಿಯರ್ ಬಳಿ ಮಾತ್ರ ಇದ್ದವು. ಮೇಲಧಿಕಾರಿಗಳಿಗೆ ಅವನ್ನು ಕೊಡಲು ಅವರು ನಿರಾಕರಿಸಿದರು, ಬಂಧನವಾಯಿತು. ಜಾಲ ನಡೆಯುತ್ತಿದ್ದರೂ ಅದರ ನಿರ್ವಹಣೆ ನಗರಾಡಳಿತದ ಕೈತಪ್ಪಿತ್ತು. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಅವರೇ ಜೈಲಿಗೆ ಹೋಗಿ ಪಾಸ್‌ವರ್ಡ್‌ಗಳನ್ನು ಪಡೆಯಬೇಕಾಯಿತು. 2010ರಲ್ಲಿ ನ್ಯಾಯಾಲಯ ಚೈಲ್ಡ್ಸ್‌ಗೆ ನಾಲ್ಕು ವರ್ಷದ ಶಿಕ್ಷೆ ವಿಧಿಸಿತು. ತಪ್ಪು ಯಾರದೇ ಆಗಿರಲಿ, ಒಂದು ಮಹಾನಗರದ ಆಡಳಿತವೇ ಎರಡನೆಯ ಬೀಗದ ಕೈಯನ್ನು ಇಟ್ಟುಕೊಂಡಿರಲಿಲ್ಲವೆಂಬುದು ನಮಗೆ ಪಾಠ.

ನಮ್ಮಲ್ಲಿ ಜಗಳಕ್ಕಿಂತ ಹೆಚ್ಚಾಗಿ ಎದುರಾಗುವುದು ಸಾವು ಮತ್ತು ಅನಾರೋಗ್ಯ. ಏಕವ್ಯಕ್ತಿ ಮಾಲೀಕರು ತೀರಿಕೊಂಡಾಗ, ವ್ಯವಹಾರವನ್ನು ಮುಂದುವರಿಸುವ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ಜಿಎಸ್‌ಟಿ ನೋಂದಣಿ ಪಡೆದು, ಹಳೆಯ ಖಾತೆಯಲ್ಲಿ ಉಳಿದ ಕ್ರೆಡಿಟನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕೆಂದು 2019ರ ಮಾರ್ಚ್ 28ರ ಸುತ್ತೋಲೆ ಸ್ಪಷ್ಟಪಡಿಸಿದೆ. ಹಳೆಯ ಖಾತೆಯ ಬಾಗಿಲು ತೆರೆಯದೆ ಈ ಕೆಲಸ ನಡೆಯದು. ಸಾಲಗಾರರ ಪಟ್ಟಿ, ಬರಬೇಕಾದ ಬಾಕಿ, ಚೆಕ್ಕುಗಳ ವಿವರ ಎಲ್ಲವೂ ತೀರಿಕೊಂಡವರ ಕಂಪ್ಯೂಟರಿನೊಳಗೇ ಉಳಿದರೆ ಕುಟುಂಬವು ಸಾವಿನ ದುಃಖದ ಜೊತೆಗೆ ನಷ್ಟವನ್ನೂ ಹೊರಬೇಕಾಗುತ್ತದೆ.

ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

1. ಪಾಸ್‌ವರ್ಡ್ ವಹಿ ತೆರೆಯಿರಿ. ಒಂದು ಸಾಧಾರಣ ನೋಟ್‌ಬುಕ್ ಸಾಕು. ಸೇವೆಯ ಹೆಸರು, ಬಳಕೆದಾರರ ಹೆಸರು, ನೋಂದಾಯಿತ ಮೊಬೈಲ್, ನೋಂದಾಯಿತ ಇ-ಮೇಲ್, ಯಾರ ಉಸ್ತುವಾರಿ, ಕೊನೆಯದಾಗಿ ಬದಲಿಸಿದ ದಿನಾಂಕ ಎಂಬ ಆರು ಕಲಮುಗಳಿರಲಿ. ಇದರಲ್ಲಿ ಪಾಸ್‌ವರ್ಡನ್ನು ಬರೆಯಬಾರದು.

2. ಪಾಸ್‌ವರ್ಡ್‌ಗಳನ್ನು ಬೇರೊಂದು ಹಾಳೆಯಲ್ಲಿ ಬರೆದು ಲಕೋಟೆಯಲ್ಲಿಟ್ಟು, ಅಂಟಿಸಿದ ಜಾಗದ ಮೇಲೆ ಇಬ್ಬರು ಸಹಿ ಮಾಡಿ, ದಿನಾಂಕ ಹಾಕಿ ತಿಜೋರಿಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇಡಿರಿ. ಲಕೋಟೆ ಎಲ್ಲಿದೆಯೆಂಬುದು ಪಾಲುದಾರರಿಗೆ ಅಥವಾ ಮನೆಯ ಒಬ್ಬರಿಗೆ ತಿಳಿದಿರಲಿ. ವಾಲ್ಟ್ ಪಾಸ್‌ವರ್ಡ್, ಬಿಟ್‌ಲಾಕರಿನ 48 ಅಂಕಿ, ಇ-ಮೇಲ್ ಖಾತೆಯ ಬ್ಯಾಕಪ್ ಕೋಡುಗಳು ಇದರಲ್ಲಿ ಇರಲೇಬೇಕು. ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶ ಬಳಸುವವರು ಅದರ ಮುಖ್ಯ ಪಾಸ್‌ವರ್ಡನ್ನು ಇದೇ ಲಕೋಟೆಯಲ್ಲಿಡಬೇಕು. ಡಿಜಿಟಲ್ ಸಹಿ ಮತ್ತು ಸ್ವಂತ ಬ್ಯಾಂಕ್ ಪಾಸ್‌ವರ್ಡ್ ಮಾತ್ರ ಇದಕ್ಕೆ ಹೊರತು. ಅವು ಆಯಾ ವ್ಯಕ್ತಿಯ ಬಳಿಯೇ ಇರಬೇಕು. ಸಹಿಯ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವುದು ಸಹಿದಾರರ ಹೊಣೆಯೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಪ್ರಕರಣ ವಿಧಿಸುತ್ತದೆ.

3. ಸಂಸ್ಥೆಗೇ ಒಂದು ಮೊಬೈಲ್ ಸಂಖ್ಯೆ ಮತ್ತು ಒಂದು ಇ-ಮೇಲ್ ವಿಳಾಸವಿರಲಿ. ನೌಕರರದಾಗಲಿ, ತೆರಿಗೆ ಸಲಹೆಗಾರರದಾಗಲಿ, ನಮ್ಮಂತಹ ಲೆಕ್ಕ ಪರಿಶೋಧಕರದಾಗಲಿ ಸಂಖ್ಯೆಯನ್ನು ಪೋರ್ಟಲಿನಲ್ಲಿ ನಮೂದಿಸಬೇಡಿರಿ. ಆ ಸಿಮ್ಮಿಗೆ ಕಾಲಕಾಲಕ್ಕೆ ರೀಚಾರ್ಜ್ ಮಾಡಿಸಿರಿ. ಬಳಸದೆ ಬಿಟ್ಟ ಸಂಖ್ಯೆ ರದ್ದಾಗಿ ಬೇರೆಯವರ ಪಾಲಾಗಬಹುದು.

4. ಒಬ್ಬೊಬ್ಬರಿಗೆ ಒಂದೊಂದು ಬಳಕೆದಾರರ ಹೆಸರು ಕೊಡಿರಿ. ಟ್ಯಾಲಿಯಲ್ಲಿಯೂ ಇ-ವೇ ಬಿಲ್ ಪೋರ್ಟಲಿನಲ್ಲಿಯೂ ಇದಕ್ಕೆ ಅವಕಾಶವಿದೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ವ್ಯವಸ್ಥೆಗಳಲ್ಲಿ ಎಲ್ಲ ತೆರಿಗೆದಾರರಿಗೂ ಪಾಸ್‌ವರ್ಡಿನ ಜೊತೆಗೆ ಓಟಿಪಿ ಕಡ್ಡಾಯವಾಗಿರುವುದರಿಂದ, ಎಲ್ಲರೂ ಒಂದೇ ಹೆಸರಿನಲ್ಲಿ ಕೆಲಸ ಮಾಡುವುದು ಪ್ರಾಯೋಗಿಕವಾಗಿಯೂ ಕಷ್ಟ. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಎಲ್ಲರೂ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿಯೇ ಪ್ರವೇಶಿಸಿದರೆ ಯಾರು ತಿದ್ದಿದರೆಂಬುದು ಆ ಜಾಡಿನಿಂದ ತಿಳಿಯುವುದಿಲ್ಲ.

5. ಬ್ಯಾಕಪ್ ತೆಗೆದರೆ ಸಾಲದು, ತೆರೆದು ನೋಡಬೇಕು. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್ಪನ್ನು ಪುನಃಸ್ಥಾಪಿಸಿ, ಲಕೋಟೆಯಲ್ಲಿರುವ ಪಾಸ್‌ವರ್ಡ್ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಹೊಸ ಲಕೋಟೆಯಲ್ಲಿಟ್ಟು ಮತ್ತೆ ಸಹಿ ಮಾಡಿರಿ.

6. ನೌಕರರು ರಾಜೀನಾಮೆ ಕೊಟ್ಟ ದಿನವೇ ವಹಿಯನ್ನು ಎದುರಿಗಿಟ್ಟುಕೊಂಡು ಹಸ್ತಾಂತರ ಆರಂಭಿಸಿರಿ. ಮೊದಲು ನೋಂದಾಯಿತ ಮೊಬೈಲ್ ಮತ್ತು ಇ-ಮೇಲ್ ಬದಲಿಸಿ, ಅನಂತರ ಪಾಸ್‌ವರ್ಡ್ ಬದಲಿಸಿರಿ. ಈ ಕ್ರಮ ತಿರುವುಮುರುವಾದರೆ ಹಳೆಯ ಮೊಬೈಲಿನ ಓಟಿಪಿಯಿಂದ ಹೊಸ ಪಾಸ್‌ವರ್ಡನ್ನೂ ಬದಲಿಸಲು ಸಾಧ್ಯ. ಇನ್ನೊಬ್ಬರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸುವುದು 66ಸಿ ಪ್ರಕರಣದಡಿ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಗುರಿಯಾಗುವ ಅಪರಾಧ. ಆದರೂ ಕೇಸು ನಡೆಸುವುದಕ್ಕಿಂತ ಬಾಗಿಲು ಭದ್ರಪಡಿಸುವುದೇ ಲೇಸು.

ನೆನಪಿನಲ್ಲುಳಿಯುವ ಪಾಸ್‌ವರ್ಡ್

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಅದರಲ್ಲಿ ಅಂಕಿ, ಚಿಹ್ನೆಗಳೆಲ್ಲ ಇರಬೇಕು ಎಂಬ ಸಲಹೆ ಬಹುಕಾಲದಿಂದ ಬಂದಿದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಇಂತಹ ಪದ್ಧತಿ ಹರಡಲು ಕಾರಣವಾಯಿತು. ಜನ ಮರೆವಿಗೆ ಹೆದರಿ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾರೆಂಬುದು ಅನುಭವದಿಂದ ತಿಳಿದ ಮೇಲೆ, ಅದೇ ಸಂಸ್ಥೆ 2017ರಲ್ಲಿ ನಿಲುವನ್ನು ಬದಲಿಸಿತು. ಸೋರಿಕೆಯ ಸುಳಿವಿಲ್ಲದಿದ್ದರೆ ಪದೇ ಪದೇ ಬದಲಿಸುವಂತೆ ಒತ್ತಾಯಿಸುವುದು ಬೇಡ. ಉದ್ದವೇ ಮುಖ್ಯ ಎಂಬುದು ಈಗಿನ ಅಭಿಪ್ರಾಯ.

ಪರಸ್ಪರ ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಾಗಿ ಬರೆಯುವುದು ಸುಲಭದ ಉಪಾಯ. 'ಒರಳು ರೈಲು ಮೂಗುತಿ ಸೋಮವಾರ' ಎಂಬಂತಹ ಸಾಲು ನೆನಪಿನಲ್ಲುಳಿಯುತ್ತದೆ, ಊಹಿಸಲು ಕಷ್ಟ. ಇಲ್ಲಿ ಅಚ್ಚಾದ ಈ ಸಾಲನ್ನೇ ಯಾರೂ ಬಳಸಬಾರದು. ಸಂಸ್ಥೆಯ ಹೆಸರಿನ ಮುಂದೆ 123 ಸೇರಿಸುವುದು, ವಾಹನದ ಸಂಖ್ಯೆ, ಮಕ್ಕಳ ಹುಟ್ಟಿದ ದಿನ ಇವು ಬೇಡ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಖಂಡಿತ ಬೇಡ. ಒಂದು ಕೈ ಕಳೆದರೆ ಎಲ್ಲ ಬಾಗಿಲುಗಳೂ ತೆರೆದುಕೊಳ್ಳುತ್ತವೆ.

ಇಷ್ಟೆಲ್ಲ ಸಿದ್ಧತೆಗೆ ಬೇಕಾದುದು ಒಂದು ನೋಟ್‌ಬುಕ್, ಒಂದು ಲಕೋಟೆ, ಒಂದು ಸಿಮ್ ಮತ್ತು ಯಜಮಾನರ ಅರ್ಧ ದಿನ. ಮುಂದಿನ ರಿಟರ್ನಿನ ಗಡಿಬಿಡಿ ಶುರುವಾಗುವ ಮೊದಲು ವರ್ತಕ ಬಂಧುಗಳು ತಮ್ಮ ಲೆಕ್ಕಿಗರನ್ನು ಜೊತೆಗೆ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಲಿ: 'ನಾಳೆ ನೀವು ಬಾರದಿದ್ದರೆ ಈ ಕಂಪ್ಯೂಟರಿನಲ್ಲಿ ನಾನು ಯಾವ ಯಾವ ಬಾಗಿಲನ್ನು ತೆರೆಯಬಲ್ಲೆ?' ತೆರೆಯಲಾಗದ ಬಾಗಿಲುಗಳ ಪಟ್ಟಿಯೇ ನಿಮ್ಮ ಪಾಸ್‌ವರ್ಡ್ ವಹಿಯ ಮೊದಲ ಪುಟ.